ಸೆಕೆಯ ಲೆಕ್ಕ

ಎರಡು ಥರ್ಮಾಮೀಟರ್ ತಂದೆ. ಜ್ವರ ನೋಡುವಂಥದ್ದಲ್ಲ, ಗೋಡೆಗೆ ನೇತುಹಾಕುವಂಥದ್ದು. ಹಳೆಯ ಹತ್ತಿ ಬನಿಯನ್ನಿನ ಅಂಚು ಕತ್ತರಿಸಿ ಒಂದರ ಬುಡಕ್ಕೆ ಸುತ್ತಿದೆ. ಬಟ್ಟೆಯ ಬಾಲವನ್ನು ನೀರಿನ ಲೋಟದೊಳಗೆ ಇಳಿಬಿಟ್ಟೆ. ಇನ್ನೊಂದನ್ನು ಹಾಗೇ ಬಿಟ್ಟೆ. ಎರಡನ್ನೂ ಕಿಟಕಿ ಪಕ್ಕ ನೆರಳಲ್ಲಿ ತೂಗುಹಾಕಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟೆ. ಅಷ್ಟೇ ಸಾಮಾನು. ಮನೆಯವರು ಒಂದು ಸಲ ನೋಡಿ, ಏನೂ ಕೇಳದೆ ಒಳಗೆ ಹೋದರು.

ಮೊದಲ ದಿನ ಒಣ ಥರ್ಮಾಮೀಟರ್ 38 ಡಿಗ್ರಿ ತೋರಿಸಿತು. ಒದ್ದೆಯದ್ದು ಇಳಿದು ಇಳಿದು 24ಕ್ಕೆ ಬಂದು ನಿಂತಿತು. ಎರಡರ ನಡುವೆ ಒಂದು ಗೇಣು ಜಾಗವೂ ಇಲ್ಲ, ಆದರೆ 14 ಡಿಗ್ರಿ ವ್ಯತ್ಯಾಸ. ಹತ್ತು ದಿನ ಕಳೆದ ಮೇಲೆ, ಮೋಡ ಕಟ್ಟಿ ಮಳೆ ಮಾತ್ರ ಬಾರದೆ ಸತಾಯಿಸುತ್ತಿದ್ದ ಒಂದು ಮಧ್ಯಾಹ್ನ ಮತ್ತೆ ನೋಡಿದೆ. ಒಣದ್ದು 33. ಒದ್ದೆಯದ್ದು 29ರಿಂದ ಕೆಳಗೆ ಇಳಿಯಲೇ ಇಲ್ಲ. ಮೊಬೈಲಿನ ಹವಾಮಾನ ಆ್ಯಪ್ ಪ್ರಕಾರ ಅವತ್ತು ತಾಪಮಾನ ಇಳಿದಿತ್ತು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಕನ್ನಡದಲ್ಲಿ ಇದಕ್ಕೆ ಮೊದಲಿನಿಂದಲೂ ಎರಡು ಮಾತುಗಳಿವೆ. ಬಿಸಿಲು ಅಂದರೆ ಒಂದು, ಸೆಕೆ ಅಂದರೆ ಇನ್ನೊಂದು. "ಏನ್ ಬಿಸಿಲಪ್ಪಾ" ಅನ್ನುವವರು ನೆರಳು ಹುಡುಕುತ್ತಾರೆ. "ಏನ್ ಸೆಕೆ ಮಾರಾಯ್ರೆ" ಅನ್ನುವವರಿಗೆ ನೆರಳಲ್ಲಿ ಕೂತರೂ ಬಿಡುಗಡೆಯಿಲ್ಲ. ಒಣ ಥರ್ಮಾಮೀಟರಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಭೂಮಿ ಬಿಸಿಯಾಗುತ್ತಿದೆ ಅಂತ ಮಾತಾಡುವಾಗ ನಾವು ಇಡುವುದೆಲ್ಲ ಒಣ ಥರ್ಮಾಮೀಟರಿನ ಲೆಕ್ಕ. ಎಷ್ಟು ಡಿಗ್ರಿ ಏರಿತು, ಯಾವ ವರ್ಷ ದಾಖಲೆ ಮುರಿಯಿತು, ಅಷ್ಟೇ. ಜನರ ಆರೋಗ್ಯವೂ ದುಡಿಮೆಯೂ ಕೂತಿರುವುದು ಆ ಇನ್ನೊಂದು ಲೆಕ್ಕದ ಮೇಲೆ ಅನ್ನುವುದು ನನಗೆ ಹೊಳೆದದ್ದು ತಡವಾಗಿ, ಈ ಬನಿಯನ್ ತುಂಡಿನಿಂದ.

ಮೈಯ ಕಥೆ ಸರಳ. ಸುಮ್ನೆ ಕೂತರೂ ಮನುಷ್ಯನ ದೇಹ ಸುಮಾರು 100 ವ್ಯಾಟ್‌ನಷ್ಟು ಶಾಖ ಹುಟ್ಟಿಸುತ್ತದೆ, ಹಳೇ ಕಾಲದ ಒಂದು ದೊಡ್ಡ ಬಲ್ಬಿನಷ್ಟು. ಗುದ್ದಲಿ ಹಿಡಿದರೆ, ಮೂಟೆ ಹೊತ್ತರೆ ಅದು ನಾಲ್ಕು ಪಟ್ಟು ಆಗುತ್ತದೆ. ಒಳಗೆ 37 ಡಿಗ್ರಿ ಕಾಯ್ದುಕೊಳ್ಳಬೇಕು ಅಂದರೆ ಈ ಶಾಖ ಹೊರಗೆ ಹೋಗುತ್ತಲೇ ಇರಬೇಕು. ಚರ್ಮ ಸುಮಾರು 35 ಡಿಗ್ರಿ ಇರುತ್ತದೆ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದರೆ ಉಳಿಯುವ ದಾರಿ ಒಂದೇ, ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೌಲ್ ಶಾಖ ಹೊತ್ತೊಯ್ಯುತ್ತದೆ. ನನ್ನ ಒದ್ದೆ ಥರ್ಮಾಮೀಟರ್ ಇಳಿದದ್ದೂ ಹೀಗೇ, ಬಟ್ಟೆಯ ನೀರು ಆವಿಯಾಗುತ್ತಾ ಶಾಖ ಹೊತ್ತೊಯ್ದದ್ದರಿಂದ. ಆದರೆ ಆವಿಯಾಗಬೇಕು. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಅದು ಆಗುವುದು ಕಷ್ಟ. ಹಣೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ದಂಡ. ಮೈಯಲ್ಲಿದ್ದ ನೀರೂ ಹೋಯಿತು, ಉಪ್ಪೂ ಹೋಯಿತು, ತಂಪಂತೂ ಆಗಲಿಲ್ಲ.

ಇದನ್ನು ಹಿಂದೆ ಪರೀಕ್ಷೆ ಮಾಡಿ ನೋಡಿದವರ ಕಥೆ ತಮಾಷೆಯಾಗಿದೆ. 1774ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಲಾಗ್ಡೆನ್ ಅನ್ನುವ ವೈದ್ಯ, ಜೊತೆಗಾರರನ್ನು ಕಟ್ಟಿಕೊಂಡು, ಕೆಂಡದಂತೆ ಕಾಯಿಸಿದ ಕೋಣೆಯೊಳಗೆ ಹೋದ. ಒಳಗಿನ ಗಾಳಿ ನೀರು ಕುದಿಯುವ ಮಟ್ಟವನ್ನೂ ದಾಟಿತ್ತು. ಜೊತೆಗೆ ಮೊಟ್ಟೆ, ಮಾಂಸದ ತುಂಡು, ಬುಟ್ಟಿಯಲ್ಲೊಂದು ನಾಯಿ. ಮೊಟ್ಟೆ ಗಟ್ಟಿಯಾಯಿತು, ಮಾಂಸ ಬೆಂದಿತು, ಮನುಷ್ಯರೂ ನಾಯಿಯೂ ಕ್ಷೇಮವಾಗಿ ಹೊರಗೆ ಬಂದರು. ಗಾಳಿ ಒಣಗಿದ್ದರೆ ಬೆವರು ಎಂಥ ಕಾವಲು ಕಾಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. (ಅವರು ಒಳಗಿದ್ದದ್ದು ಕೆಲವೇ ನಿಮಿಷ. ದಯವಿಟ್ಟು ಯಾರೂ ಪ್ರಯತ್ನಿಸಬೇಡಿ.)

ಒದ್ದೆ ಗಾಳಿಯ ಕಥೆ ತಿಳಿಯಲು 1905ರ ತನಕ ಕಾಯಬೇಕಾಯಿತು. ಗಣಿಗಳಿಗೆ ಪುಟ್ಟ ಹಕ್ಕಿಗಳನ್ನು ಒಯ್ದು ವಿಷಾನಿಲ ಪತ್ತೆಮಾಡಿ ಅಂತ ಹೇಳಿಕೊಟ್ಟ ಜೆ. ಎಸ್. ಹಾಲ್ಡೇನ್, ಇಂಗ್ಲೆಂಡಿನ ಕಾರ್ನ್‌ವಾಲ್‌ನ ಒಂದು ಗಣಿಯ ಆಳಕ್ಕೆ ಇಳಿದು ತನ್ನದೇ ಮೈಯ ತಾಪ ಅಳೆಯುತ್ತಾ ಕೂತ. ಆತನ ಕೈಯಲ್ಲೂ ಇದೇ ಬಟ್ಟೆ ಸುತ್ತಿದ ಥರ್ಮಾಮೀಟರ್. ಅದನ್ನು ವೆಟ್ ಬಲ್ಬ್ ಅನ್ನುತ್ತಾರೆ. ಗಾಳಿಯಾಡದ ಜಾಗದಲ್ಲಿ ವೆಟ್ ಬಲ್ಬ್ 31 ಡಿಗ್ರಿ ದಾಟಿದರೆ, ಬಟ್ಟೆ ಬಿಚ್ಚಿ ಕೂತರೂ ಮೈತಾಪ ಏರತೊಡಗುತ್ತದೆ ಅಂತ ಆತ ಬರೆದಿಟ್ಟ. ಒಣ ಥರ್ಮಾಮೀಟರ್ ಎಷ್ಟು ಹೇಳುತ್ತದೆ ಅನ್ನುವುದು ಅಷ್ಟು ಮುಖ್ಯವಲ್ಲ ಅಂತಲೂ ಕಂಡುಕೊಂಡ.

ಆಮೇಲೆ ಈ ಮಾತು ಎಲ್ಲೋ ಮರೆತುಹೋದ ಹಾಗಾಯಿತು. 2010ರಲ್ಲಿ ಇಬ್ಬರು ವಿಜ್ಞಾನಿಗಳು ಕಾಗದದ ಮೇಲೆ ಲೆಕ್ಕ ಹಾಕಿ, ವೆಟ್ ಬಲ್ಬ್ 35 ಡಿಗ್ರಿ ಮನುಷ್ಯನ ಕೊನೆಯ ಗಡಿ ಅಂದರು. ಅಲ್ಲಿಂದಾಚೆಗೆ ಎಲ್ಲ ಕಡೆ 35, 35 ಅಂತಲೇ ಮಾತು. 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಗಟ್ಟಿಮುಟ್ಟಾದ ಯುವಕ ಯುವತಿಯರನ್ನು ಕೋಣೆಯಲ್ಲಿಟ್ಟು ನಿಜಕ್ಕೂ ಅಳೆದರು. ತೇವದ ಗಾಳಿಯಲ್ಲಿ ಗಡಿ ಬಂದದ್ದು ಸುಮಾರು 31ಕ್ಕೆ. ನೂರು ವರ್ಷ ಸುತ್ತಿ ಹಾಲ್ಡೇನ್ ಗಣಿಗೇ ಬಂದು ನಿಂತ ಹಾಗಾಯಿತು. ಅದೂ ಇಪ್ಪತ್ತರ ಹರೆಯದ, ಕಾಯಿಲೆ ಇಲ್ಲದ, ಬರೀ ಮನೆಗೆಲಸದಷ್ಟು ಅಲ್ಲಾಡುತ್ತಿದ್ದ ಮೈಗಳ ಗಡಿ. ಎಪ್ಪತ್ತು ದಾಟಿದವರ, ಸಕ್ಕರೆ ಕಾಯಿಲೆಯವರ, ಬೆನ್ನ ಮೇಲೆ ಮೂಟೆ ಹೊತ್ತವರ ಗಡಿ ಇನ್ನೂ ಕೆಳಗೆ.

ನನ್ನ ಕಿಟಕಿಯಲ್ಲಿದ್ದ 29 ಅನ್ನುವ ಸಂಖ್ಯೆಯನ್ನು ಆಮೇಲೆ ನಾನು ಬೇರೆ ಕಣ್ಣಿನಿಂದ ನೋಡಿದೆ.

ಇಲ್ಲಿ ಭೂಮಿ ಬಿಸಿಯಾಗುವುದರ ಪಾಲು ಏನು? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಅಂದರೆ ಕಾವು ಒಬ್ಬನೇ ಬರುವುದಿಲ್ಲ, ಸಮುದ್ರದ ಪಕ್ಕ, ನೀರಾವರಿಯ ಬಯಲಲ್ಲಿ ತೇವವನ್ನೂ ಕರೆದುಕೊಂಡು ಬರುತ್ತದೆ. ಕೈಗಾರಿಕೆಗಳು ಬರುವ ಮುಂಚಿನ ಕಾಲಕ್ಕೆ ಹೋಲಿಸಿದರೆ 2024ರ ಇಡೀ ವರ್ಷದ ಸರಾಸರಿ 1.5 ಡಿಗ್ರಿಗಿಂತ ಜಾಸ್ತಿ ಇತ್ತು. ಹಾಗಾದದ್ದು ಅದೇ ಮೊದಲು. ಒಂದೂವರೆ ಡಿಗ್ರಿ ಅಂದರೆ ಏನು ಮಹಾ ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸುತ್ತಿತ್ತು. ಸರಾಸರಿಯಿಂದ ಯಾರೂ ಸಾಯುವುದಿಲ್ಲ. ಜನ ಸಾಯುವುದು ಒಂದು ವಾರದಲ್ಲಿ, ಒಂದು ಕೋಣೆಯಲ್ಲಿ.

ಕೆನಡಾದ ಲಿಟನ್ ಅನ್ನುವ ಹಳ್ಳಿ ನೋಡಿ. ಭೂಪಟದಲ್ಲಿ 50 ಡಿಗ್ರಿ ಉತ್ತರಕ್ಕಿದೆ. 2021ರ ಜೂನ್ 29ರಂದು ಅಲ್ಲಿ 49.6 ಡಿಗ್ರಿ ಬಂತು. ಕೆನಡಾದ ಹಿಂದಿನ ದಾಖಲೆ 45, ಅದೂ 1937ರದ್ದು. ದಾಖಲೆಗಳು ಸಾಮಾನ್ಯವಾಗಿ ಅರ್ಧ ಡಿಗ್ರಿ, ಕಾಲು ಡಿಗ್ರಿ ಲೆಕ್ಕದಲ್ಲಿ ಮುರಿಯುತ್ತವೆ. ಇದು ಗೋಡೆ ಹಾರಿದ ಹಾಗೆ ಹಾರಿತು. ಮಾರನೇ ದಿನ ಕಾಡ್ಗಿಚ್ಚಿಗೆ ಆ ಹಳ್ಳಿ ಬಹುಪಾಲು ಸುಟ್ಟೇಹೋಯಿತು. ಪತ್ರಿಕೆಗಳಲ್ಲಿ ಬೆಂಕಿಯ ಚಿತ್ರಗಳು ಬಂದವು. ಆದರೆ ಆ ವಾರ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಬಿಸಿಗೆ ಸತ್ತ 619 ಜನರ ಚಿತ್ರ ತೆಗೆಯುವುದು ಯಾರಿಗೂ ಸಾಧ್ಯವಿರಲಿಲ್ಲ. ಅವರಲ್ಲಿ ಶೇಕಡಾ 98 ಮಂದಿ ಸತ್ತದ್ದು ಮನೆಯೊಳಗೆ, ಸೂರಿನ ಕೆಳಗೆ. ಅರ್ಧಕ್ಕಿಂತ ಜಾಸ್ತಿ ಜನ ಒಂಟಿಯಾಗಿ ಬದುಕುತ್ತಿದ್ದವರು. ಆ ಮನೆಗಳನ್ನು ಚಳಿ ಒಳಗೆ ಬಾರದಿರಲಿ ಅಂತ ಕಟ್ಟಿದ್ದರು. ಒಳಗೆ ಸೇರಿದ ಕಾವು ಹೊರಗೂ ಹೋಗದು ಅಂತ ಅವತ್ತು ಗೊತ್ತಾಯಿತು.

ಅದಕ್ಕೂ ಮುಂಚೆ 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ 70,000ಕ್ಕೂ ಹೆಚ್ಚು ಜನ ಹೀಗೆ ಹೋದರು. ಫ್ರಾನ್ಸ್ ಒಂದರಲ್ಲೇ ಸುಮಾರು 15,000. ಬಹುಪಾಲು ಮುದುಕರು, ಮುದುಕಿಯರು. ತಾರಸಿಯ ಕೆಳಗಿನ ಮೇಲಂತಸ್ತಿನಲ್ಲಿ ಮಲಗುತ್ತಿದ್ದವರಿಗೆ ಅಪಾಯ ಹೆಚ್ಚಿತ್ತು ಅಂತ ಆಮೇಲೆ ನಡೆದ ಅಧ್ಯಯನಗಳು ಹೇಳಿದವು. ಹಗಲಿನ ಬಿಸಿಯಷ್ಟೇ ಅಲ್ಲ, ರಾತ್ರಿಯೂ ಕೊಂದಿತು. ದಿನವಿಡೀ ಬೆಂದ ಮೈಗೆ ರಾತ್ರಿ ಕೆಲವು ಗಂಟೆ ತಂಪು ಸಿಕ್ಕರೆ ಹೃದಯ ಸುಧಾರಿಸಿಕೊಳ್ಳುತ್ತದೆ. ಆ ಕೆಲವು ಗಂಟೆ ಸಿಗಲಿಲ್ಲ. ನೆಲದ ಬಹುಭಾಗದಲ್ಲಿ ರಾತ್ರಿಗಳು ಹಗಲಿಗಿಂತ ವೇಗವಾಗಿ ಬಿಸಿಯಾಗುತ್ತಾ ಬಂದಿವೆ. ಕಾಂಕ್ರೀಟು ಹಗಲು ತಿಂದ ಕಾವನ್ನು ರಾತ್ರಿ ಕಕ್ಕುತ್ತದೆ, ಅದೂ ಸೇರಿಸಿಕೊಳ್ಳಿ.

ಚಳಿಯಿಂದ ಸಾಯುವವರು ಇವರಿಗಿಂತ ಜಾಸ್ತಿ ಅಲ್ಲವೇ ಅಂತ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. 2021ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ ಜಗತ್ತಿನ ಸಾವುಗಳಲ್ಲಿ ಶೇಕಡಾ 8.5ರಷ್ಟು ಚಳಿಯ ಪಾಲು, ಬಿಸಿಯ ಪಾಲು ಶೇಕಡಾ 0.9ರಷ್ಟು. ಹಾಗಾದರೆ ಬಿಸಿಯಾದರೆ ಒಳ್ಳೆಯದೇ ಆಯಿತಲ್ಲ? ಕೆಲವು ಕಡೆ, ಕೆಲವು ಕಾಲ, ಹೌದು. ಉತ್ತರದ ತಣ್ಣನೆ ದೇಶಗಳಿಗೆ ಬೆಳೆಯ ದಿನಗಳು ಉದ್ದವಾಗುತ್ತವೆ, ಚಳಿಗಾಲದ ಇಂಧನದ ಖರ್ಚು ಇಳಿಯುತ್ತದೆ. ದಕ್ಷಿಣ ಇಂಗ್ಲೆಂಡಿನಲ್ಲಿ ಈಗ ದ್ರಾಕ್ಷಿ ತೋಟಗಳು ಲಾಭ ಮಾಡುತ್ತಿವೆ. ಇದನ್ನು ಮುಚ್ಚಿಟ್ಟು ಬರೆದರೆ ಬರಹ ಸುಳ್ಳಾಗುತ್ತದೆ. ಆದರೆ ಲಾಭ ಒಂದು ಕಡೆಯ ಜನಕ್ಕೆ, ನಷ್ಟ ಇನ್ನೊಂದು ಕಡೆಯವರಿಗೆ. ಇಬ್ಬರನ್ನೂ ಕೂಡಿಸಿ ಸರಾಸರಿ ತೆಗೆದರೆ ಸಿಗುವ ಸಂಖ್ಯೆಯಲ್ಲಿ ಇಬ್ಬರೂ ಇರುವುದಿಲ್ಲ.

2015ರಲ್ಲಿ ಮಾರ್ಷಲ್ ಬರ್ಕ್, ಸಾಲೊಮನ್ ಶಾಂಗ್, ಎಡ್ವರ್ಡ್ ಮಿಗೆಲ್ ಅನ್ನುವ ಮೂವರು ಅಮೆರಿಕದಲ್ಲಿ ಕೂತು ದೇಶದೇಶಗಳ ಆದಾಯವನ್ನೂ ತಾಪಮಾನವನ್ನೂ ಹೋಲಿಸಿ ನೋಡಿದರು. ವರ್ಷದ ಸರಾಸರಿ ಸುಮಾರು 13 ಡಿಗ್ರಿ ಇರುವ ಕಡೆ ಆರ್ಥಿಕತೆ ಚೆನ್ನಾಗಿ ಓಡುತ್ತದೆ, ಅದಕ್ಕಿಂತ ಬಿಸಿಯಾದಂತೆ ಕುಂಟುತ್ತದೆ ಅಂತ ಅವರಿಗೆ ಕಂಡಿತು. ಈ 13ರ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಜಗಳ ಇನ್ನೂ ನಿಂತಿಲ್ಲ. ನಾನೂ ಅದನ್ನು ವೇದವಾಕ್ಯ ಅನ್ನುವುದಿಲ್ಲ. ಒಂದು ದೇಶ ಬಡವಾಗಿರುವುದಕ್ಕೆ ಬಿಸಿಲಿನ ಮೇಲೆ ಗೂಬೆ ಕೂರಿಸುವುದು ಹಳೇ ಚಾಳಿ, ಬೇರೆಯವರು ಲೂಟಿ ಮಾಡಿದ್ದನ್ನೂ ಅದು ಮರೆಸಿಬಿಡುತ್ತದೆ. ಆದರೆ ಆ ಗೆರೆಯ ಆಕಾರ ಮಾತ್ರ ನನಗೆ ಸರಿ ಅನ್ನಿಸುತ್ತದೆ. 10 ಡಿಗ್ರಿಯಲ್ಲಿರುವ ನಾಡಿಗೆ ಇನ್ನೊಂದು ಡಿಗ್ರಿ ಸಿಕ್ಕರೆ ಅದು ಹಗುರ. 27ರಲ್ಲಿರುವ ನಾಡಿಗೆ ಅದೇ ಒಂದು ಡಿಗ್ರಿ ಬಲು ಭಾರ.

ಬೆಳೆಗಳದ್ದೂ ಇದೇ ಸ್ವಭಾವ. ಮೆಕ್ಕೆಜೋಳ ಸುಮಾರು 29 ಡಿಗ್ರಿಯ ತನಕ ಬಿಸಿಯನ್ನು ಖುಷಿಯಿಂದ ತೆಗೆದುಕೊಳ್ಳುತ್ತದೆ. ಅಲ್ಲಿಂದಾಚೆಗೆ ಇಳುವರಿ ದಢಾರನೆ ಬೀಳುತ್ತದೆ ಅಂತ ಅಮೆರಿಕದ ದಶಕಗಳ ಅಂಕಿಅಂಶ ತೋರಿಸಿದೆ. ಏರುವಾಗ ಮೆಟ್ಟಿಲು, ಇಳಿಯುವಾಗ ಪ್ರಪಾತ.

ಈಗ ನನ್ನನ್ನು ಜಾಸ್ತಿ ಕಾಡಿದ ವಿಷಯಕ್ಕೆ ಬರುತ್ತೇನೆ. ಮಧ್ಯ ಅಮೆರಿಕದ ಪೆಸಿಫಿಕ್ ಕರಾವಳಿ. ಎಲ್ ಸಾಲ್ವಡಾರ್, ನಿಕರಾಗುವಾ. ಕಬ್ಬು ಕಡಿಯುವವರು. 2002ರಲ್ಲಿ ಎಲ್ ಸಾಲ್ವಡಾರ್‌ನ ವೈದ್ಯರು ಒಂದು ವಿಚಿತ್ರ ಬರೆದು ಪ್ರಕಟಿಸಿದರು. ಕಿಡ್ನಿ ಕೆಟ್ಟು ಆಸ್ಪತ್ರೆಗೆ ಬರುತ್ತಿದ್ದ ಹಲವರಿಗೆ ಸಕ್ಕರೆ ಕಾಯಿಲೆಯೂ ಇಲ್ಲ, ರಕ್ತದೊತ್ತಡವೂ ಇಲ್ಲ. ಬಹುಪಾಲು ಗಂಡಸರು, ತಗ್ಗಿನ ಬಿಸಿ ಬಯಲುಗಳಲ್ಲಿ ಹೊಲಗೆಲಸ ಮಾಡಿದವರು.

ಆ ಕೆಲಸ ಹೇಗಿರುತ್ತದೆ ಅಂತ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕಡಿಯುವ ಮುಂಚೆ ಕಬ್ಬಿನ ಗದ್ದೆಗೆ ಬೆಂಕಿ ಹಾಕಿ ಸೋಗೆ ಸುಡುತ್ತಾರೆ. ಮಸಿ, ಬೂದಿ. ಕೈಕಾಲು ಕೊಯ್ಯದಿರಲಿ ಅಂತ ಮೈತುಂಬ ದಪ್ಪ ಬಟ್ಟೆ. ಬಗ್ಗಿ ಬುಡಕ್ಕೆ ಒಂದು ಏಟು, ಎದ್ದು ತುದಿಗೆ ಒಂದು ಏಟು, ಎಸೆದು ಮುಂದಿನದು. ಕೂಲಿ ಗಂಟೆಗಲ್ಲ, ತೂಕಕ್ಕೆ. ನೀರು ಕುಡಿಯಲು ನಿಂತರೆ ತೂಕ ತಪ್ಪುತ್ತದೆ. ನೆರಳು ದೂರ. ಹಾಗಾಗಿ ನಿಲ್ಲುವುದಿಲ್ಲ. ಒಂದು ದಿನ ಹೀಗೆ ಒಣಗಿದ ಕಿಡ್ನಿ ರಾತ್ರಿ ಸುಧಾರಿಸಿಕೊಳ್ಳುತ್ತದೆ. ದಿನಾ ಒಣಗಿದರೆ ಒಳಗೆ ಗಾಯ ಮಾಯುವ ಮುಂಚೆ ಇನ್ನೊಂದು ಗಾಯ. ನೋವಿಲ್ಲ, ಜ್ವರವಿಲ್ಲ. ಗೊತ್ತಾಗುವ ಹೊತ್ತಿಗೆ ಕಿಡ್ನಿಯ ಬಹುಭಾಗ ಹೋಗಿರುತ್ತದೆ. ಆಮೇಲೆ ಡಯಾಲಿಸಿಸ್, ಅದೂ ಸಿಕ್ಕಿದವರಿಗೆ. ಕೀಟನಾಶಕ, ಲೋಹದ ಅಂಶ, ಹೀಗೆ ಬೇರೆ ಕಾರಣಗಳನ್ನೂ ಹುಡುಕುತ್ತಿದ್ದಾರೆ. ಆ ಚರ್ಚೆ ಮುಗಿದಿಲ್ಲ. ಆದರೆ ಬಿಸಿ ಮತ್ತು ಮೈಮುರಿಯುವ ದುಡಿಮೆಯ ಪಾತ್ರ ದೊಡ್ಡದು ಅನ್ನುವುದಕ್ಕೆ ಪುರಾವೆ ಸೇರುತ್ತಲೇ ಇದೆ.

ಇದಕ್ಕೆ ಹುಡುಕಿದ ಪರಿಹಾರ ಎಷ್ಟು ಸಣ್ಣದು ಅಂದರೆ, ಮೊದಲ ಸಲ ಓದಿದಾಗ ನನಗೆ ಸಿಟ್ಟೇ ಬಂತು. ನೀರು, ನೆರಳು, ಬಿಡುವು. ಅಷ್ಟೇ. ಕಡಿಯುವವರ ಹಿಂದೆ ಹಿಂದೆಯೇ ಸಾಗುವ ನೆರಳಿನ ಟೆಂಟು, ಕೈಗೆಟುಕುವಲ್ಲಿ ನೀರು, ಹೊತ್ತು ಹೊತ್ತಿಗೆ ಕಡ್ಡಾಯ ವಿಶ್ರಾಂತಿ. ನಿಕರಾಗುವಾದಲ್ಲಿ ಹೀಗೆ ಮಾಡಿದ ಕಡೆ ಕಿಡ್ನಿಗೆ ಪೆಟ್ಟಾಗುವುದು ಕಡಿಮೆಯಾಯಿತು. ಎಲ್ ಸಾಲ್ವಡಾರ್‌ನಲ್ಲಿ ಇದರ ಜೊತೆಗೆ ಹಗುರವಾಗಿ ಕಡಿಯುವ ಮಚ್ಚನ್ನೂ ಕೊಟ್ಟು ನೋಡಿದರು. ಒಬ್ಬೊಬ್ಬರು ದಿನಕ್ಕೆ ಕಡಿದ ಕಬ್ಬಿನ ತೂಕ ಇಳಿಯಲಿಲ್ಲ, ಏರಿತು. ಬಿಡುವು ಕೊಟ್ಟರೆ ನಷ್ಟ ಅಂತ ಲೆಕ್ಕ ಬರೆದವರು ಯಾವತ್ತೂ ಅಳೆದು ನೋಡಿರಲಿಲ್ಲ, ಸುಮ್ನೆ ನಂಬಿದ್ದರು.

ಆರೋಗ್ಯ ಬೇರೆ ಇಲಾಖೆ, ಆರ್ಥಿಕತೆ ಬೇರೆ ಇಲಾಖೆ ಅಂತ ನಾವು ಎರಡು ಪುಸ್ತಕ ಇಟ್ಟಿದ್ದೇವೆ. ಕಬ್ಬಿನ ಗದ್ದೆಯಲ್ಲಿ ಅವೆರಡೂ ಒಂದೇ ಮೈ. ಅಲ್ಲಿ ಬೆಳಗ್ಗೆ ಹತ್ತಕ್ಕೆ ನಿಲ್ಲದೆ ದುಡಿದ ಗಂಟೆ ಗಿರಣಿಯ ಲಾಭದ ಕಾಲಂನಲ್ಲಿ ಬರುತ್ತದೆ. ಹತ್ತು ವರ್ಷ ಬಿಟ್ಟು ಅದೇ ಗಂಟೆ ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ, ಆದರೆ ಆ ಬಿಲ್ಲು ಗಿರಣಿಯ ವಿಳಾಸಕ್ಕೆ ಬರುವುದಿಲ್ಲ. ಒಂದು ಪ್ರದೇಶದ ಆದಾಯ ಚೆನ್ನಾಗಿಯೇ ಇದೆ ಅಂತ ವರದಿ ಹೇಳುತ್ತಿರುವಾಗಲೇ ಅಲ್ಲಿನ ನಲವತ್ತರ ಗಂಡಸರು ಕಡಿಮೆಯಾಗುತ್ತಿರಬಹುದು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತ್ತು. 2030ರ ಹೊತ್ತಿಗೆ ಜಗತ್ತಿನ ದುಡಿಮೆಯ ಗಂಟೆಗಳಲ್ಲಿ ಶೇಕಡಾ 2.2ರಷ್ಟು ಬಿಸಿಗೆ ಹೋಗುತ್ತವೆ. 8 ಕೋಟಿ ಜನ ವರ್ಷವಿಡೀ ಕೆಲಸ ಮಾಡದೆ ಕೂತಷ್ಟು. ಅದರಲ್ಲಿ ಶೇಕಡಾ 60 ಹೊಲದ ಕೆಲಸದ ಗಂಟೆಗಳು. 2024ರ ಅವರ ಇನ್ನೊಂದು ವರದಿಯ ಪ್ರಕಾರ, ಕೆಲಸದ ಜಾಗದ ಬಿಸಿಯಿಂದ ಬಂದ ಕಿಡ್ನಿ ಕಾಯಿಲೆಯ ಜೊತೆ ಬದುಕುತ್ತಿರುವವರು 2.6 ಕೋಟಿಗೂ ಹೆಚ್ಚು. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಕೆಲಸ ನಿಲ್ಲಿಸಿದವರ ಲೆಕ್ಕ. ಎರಡನೆಯದು ನಿಲ್ಲಿಸಲಾಗದವರದ್ದು.

ಸೊಳ್ಳೆಯ ವಿಷಯವನ್ನೂ ಹೇಳದೆ ಬಿಡುವಂತಿಲ್ಲ. ಡೆಂಗಿ ಇರುವವರ ರಕ್ತ ಹೀರಿದ ಕೂಡಲೇ ಸೊಳ್ಳೆ ರೋಗ ಹರಡುವುದಿಲ್ಲ. ವೈರಸ್ಸು ಅದರ ಹೊಟ್ಟೆಯಿಂದ ಎಂಜಲಿನ ತನಕ ಬರಬೇಕು. 25 ಡಿಗ್ರಿಯಲ್ಲಿ ಇದಕ್ಕೆ ಸರಾಸರಿ 15 ದಿನ ಬೇಕು. 30 ಡಿಗ್ರಿಯಲ್ಲಿ ಸುಮಾರು ಆರೂವರೆ ದಿನ ಸಾಕು. ಸೊಳ್ಳೆಯ ಆಯಸ್ಸೇ ಕೆಲವು ವಾರ. ಹದಿನೈದು ದಿನ ಬೇಕಾದಾಗ ಬಹಳಷ್ಟು ಸೊಳ್ಳೆಗಳು ಅಷ್ಟರೊಳಗೆ ಸತ್ತೇ ಹೋಗುತ್ತವೆ. ಆರು ದಿನ ಸಾಕಾದರೆ ಕಚ್ಚಲು ಬೇಕಾದಷ್ಟು ಕಾಲ ಉಳಿಯುತ್ತದೆ. ಐದು ಡಿಗ್ರಿಯ ಈ ಅಂತರದಲ್ಲೇ ಒಂದು ಊರು ಪಾರಾಗುವುದೂ ಇದೆ, ಇನ್ನೊಂದು ಊರು ಮಲಗುವುದೂ ಇದೆ. 2024ರಲ್ಲಿ ಜಗತ್ತಿನಲ್ಲಿ 1.4 ಕೋಟಿಗೂ ಹೆಚ್ಚು ಡೆಂಗಿ ಪ್ರಕರಣಗಳು ವರದಿಯಾದವು. ಬಿಸಿ ಒಂದೇ ಕಾರಣವಲ್ಲ, ವಿಮಾನವೂ ಕಾರಣ, ಎಲ್ಲೆಂದರಲ್ಲಿ ನೀರು ನಿಂತ ಟಯರುಗಳೂ ಕಾರಣ.

ಮಲೇರಿಯಾದ ಲೆಕ್ಕ ಬೇರೆ. ಅದು ಸುಮಾರು 25 ಡಿಗ್ರಿಯಲ್ಲಿ ಚುರುಕು, ಡೆಂಗಿ 29ರ ಹತ್ತಿರ. ಅಂದರೆ ಈಗಾಗಲೇ ಬಿಸಿ ಇರುವ ತಗ್ಗು ನಾಡುಗಳಲ್ಲಿ ಮುಂದೆ ಮಲೇರಿಯಾ ಇಳಿದು ಡೆಂಗಿ ಏರಬಹುದು. ಮಲೇರಿಯಾ ಇಥಿಯೋಪಿಯಾದಂಥ ಕಡೆ ತಣ್ಣನೆ ಬೆಟ್ಟಗಳನ್ನು ಹತ್ತಬಹುದು, ಬಿಸಿ ಜಾಸ್ತಿಯಾದ ವರ್ಷಗಳಲ್ಲಿ ಹತ್ತಿದ್ದೂ ಇದೆ. ಒಂದು ಏರಿತು, ಇನ್ನೊಂದು ಇಳಿಯಿತು, ಸಮಾ ಆಯಿತಲ್ಲ ಅನ್ನುವ ಹಾಗಿಲ್ಲ. ಮಲೇರಿಯಾದ ಸೊಳ್ಳೆ ರಾತ್ರಿ ಕಚ್ಚುತ್ತದೆ, ಪರದೆ ಕಟ್ಟಿದರೆ ತಡೆಯಬಹುದು. ಡೆಂಗಿಯದ್ದು ಹಗಲು ಕಚ್ಚುತ್ತದೆ. ವರ್ಷಗಟ್ಟಲೆ ಪರದೆ ಹಂಚುತ್ತಾ ಬಂದ ಆರೋಗ್ಯ ವ್ಯವಸ್ಥೆ ಈಗ ಶಾಲೆಯಲ್ಲಿ, ಸಂತೆಯಲ್ಲಿ ಹಗಲು ಹೊತ್ತು ಹಾರಾಡುವ ಸೊಳ್ಳೆಗೆ ಏನು ಮಾಡಬೇಕು? ಅಂದ ಹಾಗೆ 2025ರ ಅಕ್ಟೋಬರಿನಲ್ಲಿ ಐಸ್‌ಲ್ಯಾಂಡಿನಲ್ಲಿ ಮೊದಲ ಸಲ ಬಯಲಲ್ಲಿ ಸೊಳ್ಳೆ ಸಿಕ್ಕಿತು. ರೋಗ ಹರಡುವ ಜಾತಿ ಅಂತ ಹೆದರಬೇಕಾದ್ದೇನಿಲ್ಲ. ಸೊಳ್ಳೆಯೇ ಇಲ್ಲದ ನಾಡು ಅಂತ ಅದಕ್ಕಿದ್ದ ಹೆಸರು ಮಾತ್ರ ಹೋಯಿತು.

ನದಿಗಳು, ಬಂದರುಗಳು, ವಿಮೆ, ಇವೆಲ್ಲ ಒಂದೊಂದೇ ಬರಹ ಬೇಡುವ ವಿಷಯಗಳು. ಬೇಗ ದಾಟುತ್ತೇನೆ. 2018ರಲ್ಲಿ ಜರ್ಮನಿಯ ರೈನ್ ನದಿ ಎಷ್ಟು ಬತ್ತಿತು ಅಂದರೆ ಸರಕಿನ ದೋಣಿಗಳು ತುಂಬ ಕಡಿಮೆ ಹೊರೆ ಹೊತ್ತು ತೆವಳಬೇಕಾಯಿತು. ಬಿಎಎಸ್‌ಎಫ್ ಅನ್ನುವ ಒಂದೇ ರಾಸಾಯನಿಕ ಕಂಪನಿಗೆ ಅದರಿಂದ ಸುಮಾರು 25 ಕೋಟಿ ಯೂರೋ ಪೆಟ್ಟು ಬಿತ್ತು. 2023ರಲ್ಲಿ ಪನಾಮಾ ಕಾಲುವೆಗೆ ನೀರು ಸಾಲದೆ ದಿನಕ್ಕೆ ದಾಟುವ ಹಡಗುಗಳನ್ನು ಮೂವತ್ತಾರರ ಆಸುಪಾಸಿನಿಂದ ಇಪ್ಪತ್ತನಾಲ್ಕಕ್ಕಿಂತಲೂ ಕೆಳಗೆ ಇಳಿಸಬೇಕಾಯಿತು. ಇದಕ್ಕೆ ಮುಖ್ಯ ಕಾರಣ ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಮುದ್ರದ ನೀರು ತಾನಾಗಿ ಬಿಸಿಯೇರುವ ಎಲ್ ನಿನೊ, ಭೂಮಿ ಬಿಸಿಯಾದದ್ದಲ್ಲ ಅಂತ ಆಮೇಲೆ ವಿಜ್ಞಾನಿಗಳ ತಂಡವೊಂದು ವಿಂಗಡಿಸಿ ಹೇಳಿತು. ಇಂಥದ್ದನ್ನೂ ಹೇಳಬೇಕು. ಎಲ್ಲ ಬರಕ್ಕೂ ಎಲ್ಲ ನೆರೆಗೂ ಒಂದೇ ಚೀಟಿ ಅಂಟಿಸಿದರೆ ನಿಜವಾದ ಚೀಟಿಗೂ ಬೆಲೆ ಉಳಿಯುವುದಿಲ್ಲ.

ಮತ್ತೆ ಎಸಿ. 2018ರಲ್ಲಿ ಜಗತ್ತಿನಲ್ಲಿ 160 ಕೋಟಿ ಎಸಿಗಳಿದ್ದವು, 2050ಕ್ಕೆ 560 ಕೋಟಿ ಆಗಬಹುದು ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜು ಮಾಡಿದೆ. ಎಸಿ ಜೀವ ಉಳಿಸುತ್ತದೆ, ಅದನ್ನು ಬೈಯುವುದು ನನಗಿಷ್ಟವಿಲ್ಲ. ಆದರೆ ಅದು ಸೆಕೆಯನ್ನು ನಾಶ ಮಾಡುವುದಿಲ್ಲ, ಗೋಡೆಯಾಚೆಗೆ ಎತ್ತಿ ಹಾಕುತ್ತದೆ. ಗೋಡೆಯಾಚೆಗೆ ಯಾರಿದ್ದಾರೆ ಅನ್ನುವುದರ ಮೇಲೆ ಉಳಿದದ್ದು.

ಅಹಮದಾಬಾದಿನ ಕಥೆ ಇಲ್ಲಿ ಹೇಳಲೇಬೇಕು. 2010ರ ಮೇ ತಿಂಗಳಲ್ಲಿ ಅಲ್ಲಿ ಸಾಮಾನ್ಯಕ್ಕಿಂತ 1,344 ಸಾವು ಜಾಸ್ತಿ ಆದವು. 2013ರಲ್ಲಿ ನಗರ ಒಂದು ಶಾಖ ಯೋಜನೆ ಮಾಡಿತು, ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ಅದರಲ್ಲಿ ದೊಡ್ಡ ಯಂತ್ರಗಳೇನೂ ಇರಲಿಲ್ಲ. ಮುನ್ನೆಚ್ಚರಿಕೆ, ವೈದ್ಯರಿಗೆ ತರಬೇತಿ, ಕುಡಿಯುವ ನೀರು, ಆಮೇಲಾಮೇಲೆ ತಾರಸಿಗೆ ಸುಣ್ಣ. ಒಂದು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ತಾರಸಿಯ ಕೆಳಗಿನ ಅಂತಸ್ತಿನಲ್ಲಿತ್ತು. ಅದನ್ನು ಕೆಳಗಿನ ಅಂತಸ್ತಿಗೆ ತಂದರು. ಬಿಸಿಯಿಂದ ನರಳುವ ಕೂಸುಗಳು ಕಡಿಮೆಯಾದವು. ಪ್ಯಾರಿಸ್ಸಿನ ಮೇಲಂತಸ್ತಿನ ಮುದುಕಿಯರಿಗೂ ಇದೇ ಬೇಕಿತ್ತು, ಯಾರಾದರೂ ಕೈಹಿಡಿದು ಕೆಳಗೆ ಇಳಿಸುವುದು. ಈ ಯೋಜನೆಯಿಂದ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಾವು ತಪ್ಪಿರಬಹುದು ಅಂತ ಆಮೇಲಿನ ಒಂದು ಅಧ್ಯಯನ ಅಂದಾಜು ಮಾಡಿದೆ.

2023ರಿಂದ ಅದೇ ನಾಡಿನಲ್ಲಿ, ಅಸಂಘಟಿತ ಕೆಲಸಗಾರ ಹೆಂಗಸರ 'ಸೇವಾ' (SEWA) ಅನ್ನುವ ಸಂಘಟನೆಯ ಸದಸ್ಯರಿಗೆ ಶಾಖದ ವಿಮೆ ಕೂಡ ಬಂತು. ತಾಪಮಾನ ಗೊತ್ತುಪಡಿಸಿದ ಗಡಿ ದಾಟಿದರೆ ಅರ್ಜಿ, ಸಹಿ, ಅಲೆದಾಟ ಏನೂ ಇಲ್ಲದೆ ದುಡ್ಡು ಖಾತೆಗೆ ಬೀಳುತ್ತದೆ. ಇವತ್ತು ಕೆಲಸಕ್ಕೆ ಹೋಗದಿದ್ದರೂ ಒಲೆ ಉರಿಯಲಿ ಅಂತ. ಒಳ್ಳೆಯ ಯೋಚನೆ, ನನಗೆ ಇಷ್ಟವಾಯಿತು. ಆದರೆ ಗಡಿ ಗುರುತಿಸಿದ್ದು ತಾಪಮಾನಕ್ಕೆ, ಒಣ ಥರ್ಮಾಮೀಟರಿಗೆ. ಮೋಡ ಕವಿದ 33ರ ಮಧ್ಯಾಹ್ನ, ಬೆವರು ಆರದೆ ತೊಟ್ಟಿಕ್ಕುತ್ತಿರುವಾಗ, ಆ ವಿಮೆ ಸುಮ್ಮನಿರುತ್ತದೆ. ಕತಾರ್ ದೇಶದಲ್ಲಿ 2021ರಿಂದ ಬೇರೆ ನಿಯಮವಿದೆ. ತಾಪ, ಬಿಸಿಲು, ತೇವ, ಬೀಸುವ ಗಾಳಿ ಎಲ್ಲವನ್ನೂ ಸೇರಿಸಿ ಅಳೆಯುವ ಸೂಚ್ಯಂಕ 32.1 ದಾಟಿದರೆ ಹೊರಗಿನ ಕೆಲಸ ನಿಲ್ಲಿಸಬೇಕು. ಪಾಲನೆ ಎಷ್ಟು ಅನ್ನುವುದು ಬೇರೆ ಮಾತು, ಅಳತೆಗೋಲಾದರೂ ಸರಿಯಾದದ್ದು. ಆ ಸೂಚ್ಯಂಕ ಹುಟ್ಟಿದ್ದು 1950ರ ದಶಕದಲ್ಲಿ, ಅಮೆರಿಕದ ಸೈನಿಕ ಶಿಬಿರಗಳಲ್ಲಿ ತರಬೇತಿಗೆ ಬಂದ ಹುಡುಗರು ಸೆಕೆಗೆ ಕುಸಿದು ಬೀಳುತ್ತಿದ್ದಾಗ. ಸೈನ್ಯಕ್ಕೆ ಗೊತ್ತಿರುವ ಅಳತೆ ಕೂಲಿಯವರ ತನಕ ಬರಲು ಇಷ್ಟು ವರ್ಷ ಹಿಡಿಯಿತು.

ನನ್ನ ಥರ್ಮಾಮೀಟರುಗಳು ಇನ್ನೂ ಕಿಟಕಿಯಲ್ಲೇ ಇವೆ. ಒಂದು ರಾತ್ರಿ ಮೂರು ಗಂಟೆಗೆ ಎಚ್ಚರವಾಯಿತು. ಕರೆಂಟು ಹೋಗಿತ್ತು, ಫ್ಯಾನು ನಿಂತಿತ್ತು, ದಿಂಬು ಒದ್ದೆ. ಮೊಬೈಲಿನ ಬೆಳಕಲ್ಲಿ ಹೋಗಿ ನೋಡಿದೆ. ಒಣದ್ದು 29, ಒದ್ದೆಯದ್ದು 28. ಬಿಸಿಲಿದ್ದ ಆ ಮೊದಲ ದಿನ ಲೋಟಕ್ಕೆ ಎರಡು ಸಲ ನೀರು ತುಂಬಿಸಿದ್ದೆ, ಬಟ್ಟೆ ಅಷ್ಟು ಬೇಗ ಕುಡಿದು ಗಾಳಿಗೆ ಕೊಡುತ್ತಿತ್ತು. ಆ ರಾತ್ರಿ ಮಲಗುವ ಮುಂಚೆ ಲೋಟದ ಅಂಚಿನ ತನಕ ತುಂಬಿಸಿದ್ದ ನೀರು ಹೆಚ್ಚುಕಡಿಮೆ ಇಟ್ಟಷ್ಟೇ ಇತ್ತು.